ಕಾಡಿನ ಖರ್ಚು ಯಾರದು? ನೀಲಗಿರಿಯಲ್ಲಿ ಬೇಟೆಯ ಲೈಸೆನ್ಸಿನಿಂದ ಪ್ರವೇಶ ಶುಲ್ಕದವರೆಗೆ

ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ ಕ್ರಿ.ಶ. 1117ರ ಕನ್ನಡ ಶಾಸನವೊಂದಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಕೈವಶ ಮಾಡಿಕೊಂಡ ಸಂಗತಿಯನ್ನು ಅದು ಹೇಳುತ್ತದೆ. ನೀಲಗಿರಿಯ ಚರಿತ್ರೆ ಬರೆದವರೆಲ್ಲರೂ ತೋಡರ ಮೊದಲ ಲಿಖಿತ ಉಲ್ಲೇಖವೆಂದು ಈ ಶಾಸನವನ್ನೇ ತೋರಿಸುವರು. ನಮ್ಮ ಬೆಟ್ಟದ ಕತೆ ಕನ್ನಡದ ಕಲ್ಲಿನ ಮೇಲೆ ಆರಂಭವಾಯಿತೆಂಬುದು ನಮಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಆ ಕಲ್ಲು ಹೇಳುವುದು ಗೆದ್ದವನ ಮಾತನ್ನು. ಬೆಟ್ಟದ ಹುಲ್ಲನ್ನು ಯಾರ ಎಮ್ಮೆ ಮೇಯುತ್ತಿತ್ತು, ಕಾಡಿನ ಜೇನನ್ನು ಯಾರು ಇಳಿಸುತ್ತಿದ್ದರು, ನೆಲ ಯಾರದೆಂದು ಯಾರು ನಿಶ್ಚಯಿಸುತ್ತಿದ್ದರು ಎಂಬುದನ್ನು ಅದು ಹೇಳುವುದಿಲ್ಲ. ಈ ಲೇಖನದ ವಿಷಯ ಅದೇ. ನೀಲಗಿರಿಯ ಕಾಡು ಮತ್ತು ಹುಲ್ಲುಗಾವಲು ಸರ್ಕಾರದ ಸ್ವತ್ತಾದ ಮೇಲೆ, ಅಲ್ಲಿನ ವನ್ಯಮೃಗಗಳ ರಕ್ಷಣೆಗೂ ಅಲ್ಲಿಗೆ ಬರುವವರ ವಿಹಾರಕ್ಕೂ ಬೇಕಾದ ಹಣವನ್ನು ಯಾರು ಕೊಟ್ಟರು, ಹಾಗೆ ಕೊಟ್ಟವರಿಗೆ ಯಾವ ಅಧಿಕಾರ ದೊರೆಯಿತು, ಕೊಡಲಾಗದವರಿಗೆ ಏನಾಯಿತು ಎಂಬುದನ್ನು ಇಲ್ಲಿ ನೋಡಬೇಕಾಗಿದೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನದೊಡನೆ ಈ ಬೆಟ್ಟ ಮೈಸೂರಿನ ಕೈಬಿಟ್ಟು ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿತು. ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವೇರಿದ್ದು 1819ರಲ್ಲಿ. ಉದಕಮಂಡಲದಲ್ಲಿ ಅವನು ಕಲ್ಲಿನ ಮನೆ ಕಟ್ಟಿಸಿದ್ದು ಮೂರು ನಾಲ್ಕು ವರ್ಷಗಳ ಅನಂತರ. ಆಗ ಇಲ್ಲಿ ಯಾರೂ ಇರಲಿಲ್ಲವೆಂಬಂತೆ ಪ್ರವಾಸಿ ಕೈಪಿಡಿಗಳು ಬರೆಯುವುದುಂಟು. 1603ರಷ್ಟು ಹಿಂದೆಯೇ ಬೆಟ್ಟವೇರಿದ್ದ ಜೆಸ್ವಿಟ್ ಪಾದ್ರಿ ಫೆನಿಸಿಯೊ ತೋಡರನ್ನೂ ಬಡಗರನ್ನೂ ಕಂಡು ಬರೆದಿದ್ದಾನೆ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಬಂದವರಾದ್ದರಿಂದ ಬಡಗರೆಂಬ ಹೆಸರು ಬಂದಿತೆಂಬುದು ಬಲ್ಲವರ ಮಾತು. ಬಡಗು ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಇಂದಿಗೂ ನಡೆದಿದೆ. ಕೇಳಿದವರ ಕಿವಿಗೆ ಬಳಗದ ಪರಿಚಯ ತಾನಾಗಿಯೇ ಆಗುತ್ತದೆ. ಬಡಗರು ತೋಡರಿಗೂ ಕೋತರಿಗೂ ಧಾನ್ಯದ ಕಾಣಿಕೆ ಕೊಡುತ್ತಿದ್ದರು. ಪ್ರತಿಯಾಗಿ ತೋಡರಿಂದ ತುಪ್ಪವೂ ಕೋತರಿಂದ ಕಬ್ಬಿಣದ ಉಪಕರಣ, ಮಡಕೆ ಮತ್ತು ವಾದ್ಯಸೇವೆಯೂ ದೊರೆಯುತ್ತಿದ್ದವು. ಬೆಟ್ಟದ ಮೇಲ್ಭಾಗದ ಹುಲ್ಲು ತೋಡರದು ಎಂಬ ಒಪ್ಪಂದ ಆ ಕಾಣಿಕೆಯಲ್ಲಿ ಅಡಗಿತ್ತೆನ್ನಬಹುದು. ಸಲಿವನ್ ಅದನ್ನು ಒಪ್ಪಿ ತೋಡರ ಹಕ್ಕನ್ನು ಸರ್ಕಾರದ ಮುಂದೆ ವಾದಿಸಿದನು. ಅವನ ಮೇಲಿನವರಿಗೆ ಆ ವಾದ ರುಚಿಸಲಿಲ್ಲ.

ಬಡಗರ ಕೃಷಿಯಲ್ಲಿ ಬುರ್ತಿ ಎಂಬ ಪದ್ಧತಿಯಿತ್ತು. ರೈತನು ಒಂದಿಷ್ಟು ಭೂಮಿಗೆ ಮಾತ್ರ ಕಂದಾಯ ಕಟ್ಟಿ, ಅದಕ್ಕಿಂತ ಹಲವು ಪಟ್ಟು ನೆಲವನ್ನು ಸರದಿಯಂತೆ ಉತ್ತು ಬೀಳುಬಿಡುವ ಅವಕಾಶವದು. ತೆಳುವಾದ ಬೆಟ್ಟದ ಮಣ್ಣಿಗೆ ಅದು ತಕ್ಕ ಬೇಸಾಯ. ಪಾಳುಬಿದ್ದಂತೆ ಕಾಣುವ ನೆಲವೆಲ್ಲ ಯಾರದೂ ಅಲ್ಲವೆಂದು ಬಗೆದ ಆಡಳಿತ 1860ರ ದಶಕದಲ್ಲಿ ಬುರ್ತಿಯನ್ನು ತೆಗೆದುಹಾಕಿತು. ಕಾಫಿ, ಚಹಾ, ಸಿಂಕೋನ ತೋಟಗಳಿಗೆ ನೆಲ ಬೇಕಾಗಿದ್ದ ಕಾಲವದು. ಸಾರ್ವಜನಿಕ ಭೂಮಿ ಎಂದು ನಾವು ಇಂದು ಕರೆಯುವುದರಲ್ಲಿ ಎಷ್ಟು ಭಾಗ ಹೀಗೆ ಬೀಳುನೆಲವೆಂಬ ಹೆಸರು ಹೊತ್ತು ಸರ್ಕಾರಕ್ಕೆ ಬಂದಿತೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಕತೆಯನ್ನು ಓದಬೇಕು.

ವಿಹಾರಕ್ಕಾಗಿ ಹಣ ಕೂಡಿಸಿದ ಮೊದಲ ಪ್ರಯತ್ನ ತಮಾಷೆಯದು. ಉದಕಮಂಡಲದ ಸಸ್ಯೋದ್ಯಾನವನ್ನು ಇಂದು ಕಾಣದ ಪ್ರವಾಸಿಯಿಲ್ಲ. ಅದು ಹುಟ್ಟಿದ್ದು ತರಕಾರಿ ತೋಟವಾಗಿ. 1845ರ ಸುಮಾರಿಗೆ ಇಲ್ಲಿನ ಯುರೋಪಿಯನ್ನರು ತಿಂಗಳಿಗೆ 3 ರೂಪಾಯಿಯಂತೆ ಚಂದಾ ಹಾಕಿ ತರಕಾರಿ ಬೆಳೆಸಲು ತೊಡಗಿದರು. ಚಂದಾದಿಂದ ತೋಟ ನಡೆಯಲಿಲ್ಲ. ಅನಂತರ ಸಾರ್ವಜನಿಕ ಉದ್ಯಾನವೆಂಬ ರೂಪ ತಾಳಿ, ಸರ್ಕಾರದ ನೆರವು ಪಡೆದು, 1848ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಬಂದ ಮೆಕೈವರನ ಕೈಗೆ ಸೇರಿತು. ಕೆಲವರ ಊಟದ ಮೇಜಿಗಾಗಿ ಆರಂಭವಾದ ತೋಟದ ಖರ್ಚನ್ನು ಕೊನೆಗೆ ಹೊತ್ತದ್ದು ಸರ್ಕಾರದ ಬೊಕ್ಕಸ. ಈ ಬೆಟ್ಟದಲ್ಲಿ ಅದೇ ಬಗೆಯ ಲೆಕ್ಕಾಚಾರ ಮತ್ತೆ ಮತ್ತೆ ಕಾಣಸಿಗುತ್ತದೆ.

ಬೇಟೆಯ ವಿಷಯಕ್ಕೆ ಬರೋಣ. 19ನೆಯ ಶತಮಾನದ ಮಧ್ಯಭಾಗದಲ್ಲಿ ನೀಲಗಿರಿ ಮದ್ರಾಸಿನ ದಂಡಿನವರಿಗೂ ತೋಟಗಾರರಿಗೂ ಬೇಟೆಯ ಸ್ವರ್ಗವಾಗಿತ್ತು. ಕಡವೆ, ತಮಿಳರು ವರೈಯಾಡು ಎಂದೂ ಕನ್ನಡಿಗರು ಕಾಡಾಡು ಎಂದೂ ಕರೆಯುತ್ತಿದ್ದ ನೀಲಗಿರಿ ತಾರ್, ಕಾಟಿ, ಹುಲಿ, ಚಿರತೆ, ಕಾಡುಕೋಳಿ ಯಾವುದಕ್ಕೂ ಲೆಕ್ಕವಿರಲಿಲ್ಲ, ಋತುವಿರಲಿಲ್ಲ. ಗಬ್ಬದ ಹೆಣ್ಣು ಕಡವೆಯೂ ಕೋವಿಗೆ ಬೀಳುತ್ತಿತ್ತು. ಮೂರು ದಶಕಗಳಲ್ಲಿ ಕೊರತೆ ಎದ್ದು ಕಂಡಿತು. ಮೊದಲು ಎಚ್ಚರಗೊಂಡವರು ಬೇಟೆಗಾರರೇ. ಮೃಗಗಳ ಮೇಲಿನ ಕರುಣೆಗಿಂತ, ಮುಂದಿನ ವರ್ಷ ಹೊಡೆಯಲು ಏನೂ ಉಳಿಯದೆಂಬ ಅಂಜಿಕೆಯೇ ಅವರಲ್ಲಿ ಹೆಚ್ಚಾಗಿತ್ತು. ಇದನ್ನು ಹೀನಾಯವಾಗಿ ಹೇಳುತ್ತಿಲ್ಲ. ಜಗತ್ತಿನ ಹಲವೆಡೆ ವನ್ಯಜೀವಿ ಸಂರಕ್ಷಣೆ ಹುಟ್ಟಿದ್ದು ಇದೇ ಅಂಜಿಕೆಯ ಬಸಿರಿನಲ್ಲಿ.

ಮದ್ರಾಸ್ ಸರ್ಕಾರ 1873ರಲ್ಲಿಯೇ ಆನೆಗಳ ರಕ್ಷಣೆಗೆ ಒಂದು ಕಾಯ್ದೆ ಮಾಡಿತ್ತು. 1877ರಲ್ಲಿ ನೀಲಗಿರಿಯ ಬೇಟೆಗಾರರು ಒಂದು ಸಂಘ ಕಟ್ಟಿಕೊಂಡರು. ಅದೇ ವರ್ಷ ಗೂಡಲೂರಿನ ಸುತ್ತಲಿನ ಆಗ್ನೇಯ ವೈನಾಡು ಮಲಬಾರಿನಿಂದ ನೀಲಗಿರಿ ಜಿಲ್ಲೆಗೆ ಸೇರಿತು. 1879ರಲ್ಲಿ ನೀಲಗಿರಿ ಬೇಟೆಪ್ರಾಣಿ ಮತ್ತು ಮೀನು ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು. ಒಂದು ಜಿಲ್ಲೆಗಾಗಿಯೇ ಇಂಥ ಕಾಯ್ದೆ ಮಾಡಿದ್ದು ಆ ಕಾಲಕ್ಕೆ ಅಪರೂಪದ ಸಂಗತಿ. ಮೈಸೂರು ಸಂಸ್ಥಾನದಲ್ಲಿ ಇದಕ್ಕೆ ಸಮಾನವಾದ ಬೇಟೆಪ್ರಾಣಿ ಮತ್ತು ಮೀನು ಸಂರಕ್ಷಣಾ ಕಾನೂನು ಬಂದದ್ದು 1901ರಲ್ಲಿ, ಅಂದರೆ 22 ವರ್ಷಗಳ ಅನಂತರ.

ಕಾಯ್ದೆಯ ರಚನೆ ಸರಳ. ಸರ್ಕಾರವು ವರ್ಷದ ಕೆಲವು ತಿಂಗಳುಗಳನ್ನು ಬೇಟೆ ನಿಷಿದ್ಧ ಕಾಲವೆಂದು ಸಾರಬಹುದು. ಆ ಅವಧಿಯಲ್ಲಿ ಕೊಂದವನಿಗೆ ದಂಡ. ಹೊಳೆಯ ಮೀನಿಗೂ ನಿಯಮ. ಇದರ ಹಿಂದೆಯೇ ಬಂದ 1882ರ ಮದ್ರಾಸ್ ಅರಣ್ಯ ಕಾಯ್ದೆ ಮೀಸಲು ಅರಣ್ಯಗಳನ್ನು ರಚಿಸಿತು. ಅಲ್ಲಿ ಬೇಟೆಯಾಡಲು ಲೈಸೆನ್ಸ್ ಬೇಕಾಯಿತು. ಹೆಣ್ಣು ಕಡವೆ, ಹೆಣ್ಣು ತಾರ್‌ಗಳನ್ನು ಮುಟ್ಟುವಂತಿಲ್ಲ, ಗಂಡುಗಳಲ್ಲಿಯೂ ಎಳೆಯವು ಬಾರದು, ಒಂದು ಲೈಸೆನ್ಸಿಗೆ ಇಷ್ಟೇ ಎಂಬ ಮಿತಿ ಇತ್ಯಾದಿ ನಿಯಮಗಳು ಕ್ರಮೇಣ ಬೆಳೆದವು. ಸಂಘದವರು ಇವನ್ನು ನಡೆಸುವ ಹೊಣೆಯಲ್ಲಿ ಪಾಲುಗೊಂಡರು. ಲೈಸೆನ್ಸಿನಿಂದ ಬಂದ ಹಣ ಕಾವಲುಗಾರರ ಸಂಬಳಕ್ಕೂ ಕಳ್ಳಬೇಟೆಯ ಸುಳಿವು ಕೊಟ್ಟವರ ಬಹುಮಾನಕ್ಕೂ ಹೋಯಿತು. ಸೀಳುನಾಯಿಯನ್ನು ಕೊಂದು ತಂದವರಿಗೂ ಹಣವಿತ್ತು. ಕಡವೆಯನ್ನು ತಿನ್ನುವ ಸೀಳುನಾಯಿ ಬೇಟೆಗಾರನ ಪ್ರತಿಸ್ಪರ್ಧಿಯಾಗಿ ಕಂಡಿತೇ ಹೊರತು, ಕಾಡಿನ ಒಡನಾಡಿಯಾಗಿ ಕಾಣಲಿಲ್ಲ. ಒಂದೇ ಪೆಟ್ಟಿಗೆಯ ಹಣದಿಂದ ಒಂದು ಪ್ರಾಣಿಯನ್ನು ಉಳಿಸುವುದು, ಇನ್ನೊಂದನ್ನು ಕೊಲ್ಲಿಸುವುದು ಅಂದಿನವರಿಗೆ ವಿರೋಧಾಭಾಸವೆನಿಸಲಿಲ್ಲ.

ಹಣಕಾಸಿನ ದೃಷ್ಟಿಯಿಂದ ನೋಡಿದರೆ ಇಲ್ಲೊಂದು ಹೊಸತನವಿದ್ದುದನ್ನು ಒಪ್ಪಬೇಕು. ಅನುಭೋಗಿಸುವವನೇ ಖರ್ಚು ಕೊಡಬೇಕು, ಕೊಟ್ಟ ಹಣ ಅದೇ ಕೆಲಸಕ್ಕೆ ಸಲ್ಲಬೇಕು ಎಂಬ ತತ್ತ್ವ ಇದರಲ್ಲಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಾತುಕೋಳಿ ಬೇಟೆಗಾರರು ಕಡ್ಡಾಯವಾಗಿ ಕೊಳ್ಳಬೇಕಾದ 1 ಡಾಲರಿನ ಮುದ್ರೆಚೀಟಿ ಬಂದದ್ದು 1934ರಲ್ಲಿ. ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಟ್ಟ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದದ್ದು 1937ರಲ್ಲಿ. ಆದರೆ ಅಲ್ಲಿ ಸಾಮಾನ್ಯ ರೈತನೂ ಚೀಟಿ ಕೊಂಡು ಬೇಟೆಗೆ ಹೋಗಬಹುದಿತ್ತು. ಕೊಂಡವರ ಹಣದಿಂದ ಕೊಂಡ ಜೌಗುನೆಲ ಎಲ್ಲರದಾಯಿತು. ನೀಲಗಿರಿಯಲ್ಲಿ ಲೈಸೆನ್ಸ್ ಪಡೆದವರು ಯಾರು? ಸೈನ್ಯದ ಅಧಿಕಾರಿ, ತೋಟದ ದೊರೆ, ಜಿಲ್ಲೆಯ ಅಧಿಕಾರಿ, ಅಪರೂಪಕ್ಕೊಬ್ಬ ಜಮೀನ್ದಾರ. ಬಲೆ ಹಾಕುವ ಕುರುಂಬ, ಇರುಳ, ಹೊಲಕ್ಕೆ ಬಿದ್ದ ಹಂದಿಯನ್ನು ಓಡಿಸುವ ಬಡಗ ಇವರೆಲ್ಲ ಒಂದೇ ರಾತ್ರಿಯಲ್ಲಿ ಕಳ್ಳಬೇಟೆಗಾರರಾದರು. ಕಾಡಿನ ಜಾಡು ತೋರಿಸಲು ದೊರೆಗಳಿಗೆ ಅದೇ ಕುರುಂಬ, ಇರುಳರು ಬೇಕಾಗಿದ್ದರು ಎಂಬುದು ಬೇರೆ ಮಾತು. 1911ರಲ್ಲಿ ಫ್ಲೆಚರ್ ಎಂಬ ತೋಟಗಾರ ನೀಲಗಿರಿ ಮತ್ತು ವೈನಾಡಿನ ಬೇಟೆಯ ಬಗ್ಗೆ ಬರೆದ ಪುಸ್ತಕ ಪ್ರಕಟವಾಯಿತು. ಅಂಥ ಪುಸ್ತಕಗಳಲ್ಲಿ ಮುಂದೆ ನಡೆಯುವವನು ಸದಾ ಕಾಡಿನವನು. ಫೋಟೋದಲ್ಲಿ ಸತ್ತ ಮೃಗದ ಮೇಲೆ ಕಾಲಿಟ್ಟವನು ಇನ್ನೊಬ್ಬ.

ಇಷ್ಟಾಗಿಯೂ ತಾರ್ ಉಳಿಯಿತು. ಕುಂದ ಬೆಟ್ಟಸಾಲಿನ ಪಶ್ಚಿಮದ ಕಡಿದಾದ ಅಂಚಿನಲ್ಲಿ ಅಳಿದೇ ಹೋಗುವಂತಿದ್ದ ಆ ಆಡು, ಹೆಣ್ಣನ್ನು ಕೊಲ್ಲಬಾರದೆಂಬ ನಿಯಮದಿಂದಲೂ ಕಾವಲಿನಿಂದಲೂ ಚೇತರಿಸಿಕೊಂಡಿತು. ಫಿಥಿಯನ್-ಆಡಮ್ಸ್ ಎಂಬವರು 1879ರಿಂದ 1939ರವರೆಗಿನ ಸಂಘದ 60 ವರ್ಷಗಳ ಕೆಲಸವನ್ನು ಮುಂಬಯಿಯ ನೈಸರ್ಗಿಕ ಇತಿಹಾಸ ಸೊಸೈಟಿಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಸ್ವಾತಂತ್ರ್ಯಾನಂತರ ಕೂನೂರಿನ ವಕೀಲ ಇ. ಆರ್. ಸಿ. ಡೇವಿಡಾರ್ 1963ರಲ್ಲಿ ಇದೇ ಸಂಘದ ಪರವಾಗಿ ತಾರ್ ಗಣತಿ ನಡೆಸಿದರು. ಬೇಟೆಗಾರರ ಸಂಘ ಹೆಸರು ಬದಲಿಸಿ ವನ್ಯಜೀವಿ ಸಂಘವಾಯಿತು. ಕೋವಿ ಕೆಳಗಿಟ್ಟು ದುರ್ಬೀನು ಹಿಡಿಯಿತು. ಇಂಥ ರೂಪಾಂತರ ನಮ್ಮ ನಾಡಿನ ಸಂಘಸಂಸ್ಥೆಗಳಲ್ಲಿ ವಿರಳ.

ಮೀನಿನ ಕತೆಯನ್ನು ಬಿಟ್ಟರೆ ಲೇಖನ ಅಪೂರ್ಣವಾಗುತ್ತದೆ. ಇಂಗ್ಲೆಂಡಿನ ಹೊಳೆಗಳ ನೆನಪಿಗೆ ಟ್ರೌಟ್ ಮೀನು ಬೇಕೆಂದು 1863ರಿಂದ ಪ್ರಯತ್ನಗಳು ನಡೆದವು. ಮೀನುಗಳ ಮಹಾಪಂಡಿತ ಫ್ರಾನ್ಸಿಸ್ ಡೇ ಕೈಹಾಕಿದನು, ಮೆಕೈವರನೂ ತರಿಸಿದನು. ಫಲ ಅಷ್ಟಕ್ಕಷ್ಟೆ. 1906ರಲ್ಲಿ ಎಚ್. ಸಿ. ವಿಲ್ಸನ್ ಎಂಬ ತಜ್ಞನನ್ನು ನೇಮಿಸಿ, ಅವಲಾಂಚಿಯಲ್ಲಿ ಮರಿಮನೆ ಕಟ್ಟಿದ ಮೇಲೆ ಮಳೆಬಿಲ್ಲು ಟ್ರೌಟ್ ಇಲ್ಲಿ ನೆಲೆಗೊಂಡಿತು. ನಮ್ಮ ಹೊಳೆಗಳಲ್ಲಿ ಇಲ್ಲದ ಮೀನಿಗೆ ಇಷ್ಟು ಹಣ, ಇಷ್ಟು ಶ್ರಮ! ಮುಂದೆ ಆ ಮೀನಿನ ಗಾಳಕ್ಕೂ ಲೈಸೆನ್ಸ್ ಬಂದಿತು.

ಉದಕಮಂಡಲದ ಪಶ್ಚಿಮಕ್ಕೆ ಹರಡಿರುವ ಹುಲ್ಲುಗಾವಲನ್ನು, 1890ರ ದಶಕದಲ್ಲಿ ಮದ್ರಾಸಿನ ಗವರ್ನರನಾಗಿದ್ದ ವೆನ್‌ಲಾಕ್ ಪ್ರಭುವಿನ ಹೆಸರಿನಿಂದ ವೆನ್‌ಲಾಕ್ ಡೌನ್ಸ್ ಎಂದು ಕರೆಯುತ್ತಾರೆ. ಕುದುರೆ ಸವಾರಿಗೂ ನಾಯಿಪಡೆಯೊಡನೆ ನರಿ ಬೇಟೆಗೂ ಅದನ್ನು ಕಟ್ಟಡವಿಲ್ಲದ ಬಯಲಾಗಿ ಕಾಯ್ದಿಟ್ಟರು. ಶುದ್ಧ ವಿಹಾರಕ್ಕಾಗಿ ಮೀಸಲಾದ ಸಾರ್ವಜನಿಕ ಭೂಮಿಗೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯಿಲ್ಲ. ತೋಡರ ಎಮ್ಮೆ ಮೇಯುವ ನೆಲವೂ ಅದೇ ಆಗಿತ್ತು. ಮುಂದೆ ಅದರ ಮೇಲೆ ಬಿದ್ದ ಕಣ್ಣುಗಳು ಹಲವು. ಗಾಲ್ಫ್ ಮೈದಾನ, ಸ್ಯಾಂಡಿನಳ್ಳದ ಕುರಿ ಸಂಶೋಧನಾ ಕೇಂದ್ರ, ಎಲ್ಲಕ್ಕಿಂತ ಹೆಚ್ಚಾಗಿ ನೀಲಗಿರಿ ತೈಲದ ಮರವೂ ವ್ಯಾಟಲ್ ಗಿಡವೂ ಬಂದವು. ಮರವಿಲ್ಲದ ನೆಲ ವ್ಯರ್ಥವೆಂಬ ಭಾವನೆ ಅರಣ್ಯ ಇಲಾಖೆಗೆ ಬಹುಕಾಲ ಅಂಟಿಕೊಂಡಿತ್ತು. ಸೌದೆ, ಚರ್ಮ ಹದಮಾಡುವ ತೊಗಟೆ, ಆಮೇಲೆ ಸಿರುಮುಗೈ ಕಾರ್ಖಾನೆಯ ಕೃತಕ ರೇಷ್ಮೆಗೆ ಬೇಕಾದ ಮರದ ತಿರುಳು ಎಲ್ಲವೂ ಹಣ ತರುತ್ತಿದ್ದವು. ಹುಲ್ಲು ಏನು ತರುತ್ತದೆ? ನೀರು ತರುತ್ತದೆ. ಪೈಕಾರದಲ್ಲಿ 1932ರಲ್ಲಿ ವಿದ್ಯುತ್ತು ಹುಟ್ಟಿದ್ದು ಆ ಹುಲ್ಲು ಮತ್ತು ಶೋಲಾ ಕಾಡು ಹಿಡಿದಿಟ್ಟ ನೀರಿನಿಂದಲೇ. ಆದರೆ ವಿದ್ಯುತ್ತಿನ ಆದಾಯ ಒಂದು ಇಲಾಖೆಯದು, ಹುಲ್ಲಿನ ಜವಾಬ್ದಾರಿ ಇನ್ನೊಂದು ಇಲಾಖೆಯದು. ಜಮಾಖರ್ಚಿನ ಪುಸ್ತಕ ಎರಡಾದಾಗ ಇಂಥ ಸಂಬಂಧಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಟ್ಟದ ಕೆಳಗೆ, ಮೈಸೂರು ದಾರಿಯಲ್ಲಿರುವ ಮುದುಮಲೆಯ ಚರಿತ್ರೆ ಬೇರೆ ಬಗೆಯದು. ಆ ಕಾಡು ನಿಲಂಬೂರಿನ ತಿರುಮುಲ್ಪಾಡರ ಜನ್ಮ ಹಕ್ಕಿನ ಸ್ವತ್ತು. ಸಾಗುವಾನಿಗಾಗಿ ಸರ್ಕಾರ ಅದನ್ನು ಗುತ್ತಿಗೆ ಹಿಡಿದು, ಬೆಣ್ಣೆ ಎಂಬಲ್ಲಿ ನೆಡುತೋಪು ಬೆಳೆಸಿತು. ಮರ ಕಡಿದು ಸಾಗಿಸಲು ಆನೆಗಳು, ಆನೆಗಳಿಗೆ ತೆಪ್ಪಕಾಡಿನ ಶಿಬಿರ, ಶಿಬಿರಕ್ಕೆ ಕಾಡುನಾಯಕ ಮತ್ತು ಬೆಟ್ಟ ಕುರುಬರ ಮಾವುತರು, ಕಾವಾಡಿಗಳು. 1940ರಲ್ಲಿ ಇಲ್ಲಿ ಸುಮಾರು 62 ಚದರ ಕಿಲೋಮೀಟರಿನ ಅಭಯಾರಣ್ಯ ಘೋಷಿತವಾಯಿತು. ಮರುವರ್ಷವೇ, 1941ರಲ್ಲಿ, ಗಡಿಯ ಆಚೆ ಮೈಸೂರಿನ ಮಹಾರಾಜರು ಬಂಡೀಪುರದ ಸುತ್ತಲಿನ ಸುಮಾರು 800 ಚದರ ಕಿಲೋಮೀಟರನ್ನು ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಸಾರಿದರು. ಮಸಿನಗುಡಿ, ಆನೆಕಟ್ಟಿ, ಕಾರ್ಗುಡಿ, ಕೆಕ್ಕನಹಳ್ಳ ಎಂಬ ಹೆಸರುಗಳನ್ನು ಕೇಳಿದವರಿಗೆ ಇದು ಒಂದೇ ಕಾಡೆಂದು ಬೇರೆ ಹೇಳಬೇಕಿಲ್ಲ. ಕಾಡುನಾಯಕರ ಮಾತು ಕೂಡ ಕನ್ನಡದ ಹತ್ತಿರದ್ದೇ. 2023ರಲ್ಲಿ ತೆಪ್ಪಕಾಡಿನ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳ ಬಗೆಗಿನ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದಾಗ, ಅವರ ಹೆಸರುಗಳನ್ನು ಕೇಳಿ ನಮ್ಮಲ್ಲಿ ಹಲವರು ಬೆರಗಾದರು. ಆಗ ತಮಿಳುನಾಡು ಸರ್ಕಾರ ಎರಡು ಆನೆ ಶಿಬಿರಗಳ 91 ಮಂದಿಗೆ ತಲಾ 1 ಲಕ್ಷ ರೂಪಾಯಿ ಬಹುಮಾನವನ್ನೂ ಅವರ ಮನೆಗಳಿಗಾಗಿ 9.10 ಕೋಟಿಯನ್ನೂ ಘೋಷಿಸಿತು. ಆನೆಗಳನ್ನು ತಲೆಮಾರುಗಳಿಂದ ಸಾಕಿದವರಿಗೆ ಮನೆ ಸಿಗಲು ಆಸ್ಕರ್ ಬರಬೇಕಾಯಿತೇ ಎಂದು ಕೇಳಿದರೆ ತಪ್ಪಾಗದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಯುಗಕ್ಕೆ ತೆರೆ ಎಳೆಯಿತು. ಅದರೊಡನೆ ಬೇಟೆಯ ಲೈಸೆನ್ಸಿನ ಹಣವೂ ನಿಂತಿತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರ ಒಂದು. ಅಲ್ಲಿಂದ ಮುಂದೆ ವನ್ಯಜೀವಿಯ ಖರ್ಚು ದೆಹಲಿಯ ಮತ್ತು ರಾಜ್ಯದ ಬೊಕ್ಕಸದ ಮೇಲೆ ಬಿತ್ತು. ಇದರಲ್ಲಿ ನ್ಯಾಯವಿತ್ತು: ಹುಲಿ ಎಲ್ಲರದಾದರೆ ಖರ್ಚೂ ಎಲ್ಲರದೇ. ತೊಡಕೂ ಇತ್ತು: ದೆಹಲಿಯ ಹಣ ಆರ್ಥಿಕ ವರ್ಷದ ಮಧ್ಯದಲ್ಲೋ ಕೊನೆಯಲ್ಲೋ ಬರುತ್ತದೆ, ಬೆಂಕಿ ರೇಖೆ ಕಡಿಯಬೇಕಾದದ್ದು ಬೇಸಿಗೆಗೆ ಮುನ್ನ. ಗೇಟಿನಲ್ಲಿ ಪ್ರವಾಸಿ ಕೊಟ್ಟ ಹಣವೋ ರಾಜ್ಯದ ಸಾಮಾನ್ಯ ಖಾತೆಗೆ ಹೋಗಿ ಕಾಣೆಯಾಗುತ್ತಿತ್ತು. 2006ರ ತಿದ್ದುಪಡಿ ಇದನ್ನು ಬದಲಿಸಿತು. ಪ್ರತಿ ಹುಲಿ ಮೀಸಲಿಗೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು, ಪ್ರವೇಶ ಶುಲ್ಕ ಅಲ್ಲಿಯೇ ಜಮೆಯಾಗಿ ಅಲ್ಲಿನ ಕೆಲಸಕ್ಕೇ ಬಳಕೆಯಾಗಬೇಕು. 1879ರ ಬೇಟೆಗಾರರ ಪೆಟ್ಟಿಗೆಯ ತತ್ತ್ವವೇ ಬೇರೆ ವೇಷದಲ್ಲಿ ಮರಳಿ ಬಂದಂತಾಯಿತು. ವ್ಯತ್ಯಾಸವೆಂದರೆ ಈ ಸಲ ಸುತ್ತಲಿನ ಹಳ್ಳಿಗಳಿಗೂ ಪಾಲು ಸಲ್ಲಬೇಕೆಂಬ ಮಾತು ಸೇರಿತು. 2007ರಲ್ಲಿ ಮುದುಮಲೆ ಹುಲಿ ಮೀಸಲಾಯಿತು. ಅಂಚಿನ ವಲಯವೂ ಸೇರಿ ಅದರ ವಿಸ್ತೀರ್ಣ 688.59 ಚದರ ಕಿಲೋಮೀಟರು.

ಗೇಟಿನ ಹಣದಿಂದ ನಡೆಯುವ ಕಾಡಿಗೆ ಗೇಟಿನ ಆಸೆಯೂ ಹುಟ್ಟುತ್ತದೆ. ಬೇಟೆಗಾರನಿಗೆ ಮೃಗ ಹೆಚ್ಚಬೇಕಿತ್ತು; ಪ್ರವಾಸಿಯ ಶುಲ್ಕವನ್ನು ನೆಚ್ಚಿದವನಿಗೆ ಪ್ರವಾಸಿಗಳು ಹೆಚ್ಚಬೇಕು. ಅದಕ್ಕಾಗಿಯೇ 2012ರಲ್ಲಿ ಸುಪ್ರೀಂ ಕೋರ್ಟು ಹುಲಿ ಮೀಸಲುಗಳ ಗರ್ಭಭಾಗದಲ್ಲಿ ಪ್ರವಾಸವನ್ನು ಕೆಲವು ತಿಂಗಳು ತಡೆಹಿಡಿದು, ಅನಂತರ ಗರ್ಭಭಾಗದ ಶೇಕಡಾ 20ಕ್ಕೆ ಮಾತ್ರ ಮಿತಿಗೊಳಿಸುವ ಮಾರ್ಗಸೂಚಿಯನ್ನು ಒಪ್ಪಿತು. ಸೀಗೂರು ಪ್ರಸ್ಥಭೂಮಿಯ ಆನೆದಾರಿಯ ಮೇಲೆ ಎದ್ದ ರೆಸಾರ್ಟುಗಳ ಮೊಕದ್ದಮೆ ಒಂದು ದಶಕ ನಡೆದು, 2020ರ ಅಕ್ಟೋಬರ್ 14ರಂದು ಸುಪ್ರೀಂ ಕೋರ್ಟು ಆನೆದಾರಿಯ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಆ ರೆಸಾರ್ಟುಗಳ ಪಾಲಿಗೆ ಕಾಡು ಪುಕ್ಕಟೆಯ ಬಂಡವಾಳವಾಗಿತ್ತು.

ನಿಲಂಬೂರಿನ ತಿರುಮುಲ್ಪಾಡರ ಮನೆತನ ಈ ಕತೆಯಲ್ಲಿ ಮತ್ತೊಮ್ಮೆ ಬರುತ್ತದೆ. ಗೂಡಲೂರಿನ ಜನ್ಮ ಎಸ್ಟೇಟುಗಳನ್ನು ರದ್ದುಪಡಿಸಿದ ತಮಿಳುನಾಡಿನ 1969ರ ಕಾಯ್ದೆಯಿಂದ ಅವರ ಕಾಡು ಅವರ ಕೈತಪ್ಪಿತು. ಆ ಕಾಯ್ದೆಯ ಸಿಂಧುತ್ವದ ಪ್ರಶ್ನೆ ಬೆಳೆದು 2007ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠದ ಪ್ರಸಿದ್ಧ ಕೊಯೆಲೊ ತೀರ್ಪಿಗೆ ಕಾರಣವಾಯಿತೆಂಬುದು ವಕೀಲರಿಗೆ ಗೊತ್ತು. ತಮ್ಮ ಮನೆತನದ ಹಳೆಯ ಕಾಡಿನಲ್ಲಿ ಮರಗಳು ಉರುಳುವುದನ್ನು ಕಂಡು ಟಿ. ಎನ್. ಗೋದವರ್ಮನ್ ತಿರುಮುಲ್ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರ ಆದೇಶ ಗೂಡಲೂರನ್ನು ದಾಟಿ ಇಡೀ ದೇಶದ ಕಾಡುಗಳಿಗೆ ಅನ್ವಯಿಸಿತು. ಸರ್ಕಾರದ ಕಡತದಲ್ಲಿ ಏನೆಂದಿದ್ದರೂ ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡೇ ಎಂದಿತು ನ್ಯಾಯಾಲಯ. ಹಣದ ವಿಷಯದಲ್ಲಿ ಇನ್ನೂ ದೊಡ್ಡ ಪರಿಣಾಮವಾಯಿತು. ಗಣಿ, ಅಣೆಕಟ್ಟು, ಹೆದ್ದಾರಿಗಾಗಿ ಅರಣ್ಯಭೂಮಿ ಪಡೆದವರು ಬದಲಿ ಕಾಡು ಬೆಳೆಸುವ ಖರ್ಚನ್ನಷ್ಟೇ ಅಲ್ಲದೆ, ಕಳೆದುಹೋದ ಕಾಡಿನ ನಿವ್ವಳ ಮೌಲ್ಯವನ್ನೂ ಕಟ್ಟಬೇಕಾಯಿತು. 2008ರ ಆದೇಶದಂತೆ ಅದು ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ಈ ನಿಧಿಗಾಗಿಯೇ 2016ರಲ್ಲಿ ಕಾಯ್ದೆ ಬಂದಿತು. 2019ರಲ್ಲಿ ರಾಜ್ಯಗಳಿಗೆ ಹಂಚಿಕೆಯಾದ ಮೊತ್ತ 47,000 ಕೋಟಿಗೂ ಮೇಲ್ಪಟ್ಟದ್ದು. ಆ ಕಾಯ್ದೆ ಆದ ವರ್ಷವೇ ಗೋದವರ್ಮನ್ ತೀರಿಕೊಂಡರು. ಭಾರತದ ಅರಣ್ಯ ಹಣಕಾಸಿನ ಅತಿದೊಡ್ಡ ಹೊಳೆಯ ಉಗಮ ನಮ್ಮ ಗೂಡಲೂರಿನ ಕಾಡೆಂಬುದು ನಮ್ಮ ಮಕ್ಕಳಿಗೆ ಯಾವ ಪಾಠದಲ್ಲಿಯೂ ಸಿಗುವುದಿಲ್ಲ. ಈ ಹಣಕ್ಕೊಂದು ವಕ್ರತೆಯಿದೆ. ಕಾಡು ಹೆಚ್ಚು ಕಳೆದಷ್ಟೂ ನಿಧಿ ತುಂಬುತ್ತದೆ. ಸೀಳುನಾಯಿಗೆ ಬಹುಮಾನ ಕೊಟ್ಟ ಹಳೆಯ ಪೆಟ್ಟಿಗೆ ಇಲ್ಲಿ ನೆನಪಿಗೆ ಬರುತ್ತದೆ.

ತಾರ್ ಬಗ್ಗೆ ಒಂದು ಮಾತು ಉಳಿದಿದೆ. ಮುಕುರ್ತಿ 1982ರಲ್ಲಿ ಅಭಯಾರಣ್ಯವಾಗಿ, 1990ರಲ್ಲಿ 78.46 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. 2022ರ ಕೊನೆಯಲ್ಲಿ ತಮಿಳುನಾಡು ಸರ್ಕಾರ ಈ ಒಂದು ಪ್ರಾಣಿಗಾಗಿ 25.14 ಕೋಟಿಯ ಐದು ವರ್ಷಗಳ ಯೋಜನೆ ಮಂಜೂರು ಮಾಡಿತು. ಹುಲ್ಲುಗಾವಲಿನಿಂದ ಹೊರನಾಡಿನ ಗಿಡಗಳನ್ನು ಕಿತ್ತು ಹುಲ್ಲನ್ನು ಮರಳಿ ಬೆಳೆಸುವುದು ಆ ಯೋಜನೆಯ ಒಂದು ಭಾಗ. ನೆಡಲು ಕೊಟ್ಟ ಹಣ ಒಂದು ಶತಮಾನದ್ದು, ಕೀಳಲು ಕೊಡುವ ಹಣ ಇನ್ನೊಂದು ಶತಮಾನದ್ದು.

ಗಡಿಯ ಕನ್ನಡಿಗರಾದ ನಮಗೆ ಈ ವ್ಯವಸ್ಥೆ ತಟ್ಟುವುದು ರಸ್ತೆಯಲ್ಲಿ. ಬಂಡೀಪುರದ ರಾತ್ರಿ ಸಂಚಾರ ನಿಷೇಧ 2009ರಿಂದಲೂ ಇದೆ. ರಾತ್ರಿ 9ರಿಂದ ಬೆಳಗಿನ 6ರವರೆಗೆ ಗೇಟು ಮುಚ್ಚಿರುತ್ತದೆ. ಮೈಸೂರಿನ ಬಂಧುಗಳ ಮದುವೆಗೆ ಹೋಗಿ ಬರುವವರೆಲ್ಲ ಗಡಿಯಾರ ನೋಡಿಯೇ ಊಟಕ್ಕೆ ಕೂರುತ್ತಾರೆ. ತಾಳವಾಡಿಯವರ ಕಷ್ಟ ಇನ್ನೂ ದೊಡ್ಡದು. 2013ರಲ್ಲಿ ಸತ್ಯಮಂಗಲ ಹುಲಿ ಮೀಸಲಾಗಿ, 2022ರ ಫೆಬ್ರವರಿಯಲ್ಲಿ ಹೈಕೋರ್ಟಿನ ಆದೇಶದಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರ ನಿಂತಾಗ, ತರಕಾರಿ ಲಾರಿಗಳೇ ಅವರ ಬದುಕಾಗಿದ್ದ ರೈತರು ಬೀದಿಗಿಳಿದರು. ಕಾಡುಮೃಗ ರಾತ್ರಿ ನೆಮ್ಮದಿಯಾಗಿ ರಸ್ತೆ ದಾಟಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆ ನೆಮ್ಮದಿಯ ಬೆಲೆಯನ್ನು ಕಾಡಂಚಿನ ರೈತನೊಬ್ಬನೇ ತೆರಬೇಕೆ ಎಂಬುದನ್ನು ಒಪ್ಪಲಾರೆ. ಉದಕಮಂಡಲಕ್ಕೆ ಬರುವ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸು ಕಡ್ಡಾಯವಾಗಿದೆ. ಮರುವರ್ಷ ಬೇಸಿಗೆಯಲ್ಲಿ ವಾರದ ದಿನಕ್ಕೆ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿಯನ್ನು ಮದ್ರಾಸ್ ಹೈಕೋರ್ಟು ಹಾಕಿತು. ಇದು 1879ರ ನಿಷಿದ್ಧ ಕಾಲದ ಮೊಮ್ಮಗು. ಪಾಸಿಗೆ ಹಣವಿಲ್ಲ, ಹಾಗಾಗಿ ಮಿತಿಯಿದೆ, ನಿಧಿಯಿಲ್ಲ.

ಕೋತಗಿರಿ ತಾಲ್ಲೂಕಿಗೆ ಸೇರಿದ, ಮೋಯಾರ್ ಕಣಿವೆಯ ತಳದಲ್ಲಿರುವ ತೆಂಗುಮರಹಾಡದ ಹೆಸರೇ ಅದರ ಭಾಷೆಯನ್ನು ಹೇಳುತ್ತದೆ. ಆಹಾರ ಕೊರತೆಯ ದಿನಗಳಲ್ಲಿ ಹೆಚ್ಚು ಬೆಳೆಯಿರೆಂದು ಸರ್ಕಾರವೇ ಪ್ರೋತ್ಸಾಹಿಸಿ, ಬೆಟ್ಟದ ಬಡಗರು ಸಹಕಾರ ಸಂಘ ಕಟ್ಟಿಕೊಂಡು ಅರಣ್ಯಭೂಮಿಯಲ್ಲಿ ಬತ್ತ ಬೆಳೆದ ಊರದು. ಅದೇ ಊರು ಈಗ ಹುಲಿಯ ದಾರಿಗೆ ಅಡ್ಡವೆನಿಸಿದೆ. 2023ರಲ್ಲಿ ಮದ್ರಾಸ್ ಹೈಕೋರ್ಟು 495 ಕುಟುಂಬಗಳಿಗೆ ತಲಾ 15 ಲಕ್ಷದಂತೆ 74.25 ಕೋಟಿ ರೂಪಾಯಿಯನ್ನು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಕೊಡಬೇಕೆಂದು ಆದೇಶಿಸಿತು. 1820ರ ದಶಕದಲ್ಲಿ ತೋಡರ ನೆಲಕ್ಕೆ ಬೆಲೆ ಕಟ್ಟಬೇಕೆ ಬೇಡವೆ ಎಂದು ಸಲಿವನ್ ಮತ್ತು ಅವನ ಮೇಲಿನವರು ವಾದಿಸಿದ್ದರು. ಈಗ ಬೆಲೆಯೆಷ್ಟೆಂದು ವಾದ. ಕುಟುಂಬವೆಂದರೆ ಯಾರು, 15 ಲಕ್ಷಕ್ಕೆ ಕೆಳಗಿನ ಬಯಲಿನಲ್ಲಿ ಎಷ್ಟು ನೆಲ ಬರುತ್ತದೆ, ಸಹಕಾರ ಸಂಘದ ಆಸ್ತಿ ಯಾರ ಪಾಲಿಗೆ ಎಂಬ ಪ್ರಶ್ನೆಗಳನ್ನು ಆ ಊರಿನವರು ಕೇಳುತ್ತಿದ್ದಾರೆ. ಭವಾನಿಸಾಗರದ ಕಡೆಯಿಂದ ಬರುವ ಬಸ್ಸು ಮೋಯಾರ್ ಹೊಳೆಯ ದಂಡೆಯಲ್ಲಿ ಅವರನ್ನು ಇಳಿಸುತ್ತಿತ್ತು. ಅಲ್ಲಿಂದ ಊರಿಗೆ ಹರಿಗೋಲಿನಲ್ಲಿ ದಾಟಬೇಕಿತ್ತು.